ಜೋಗದ ನೀರು, ಒಲೆಯ ಸುರುಳಿ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದೆ. ರಾಮನ ಬಾಣದಿಂದ ಚಿಮ್ಮಿದ ನೀರಿದು ಎಂಬುದು ಐತಿಹ್ಯ. ಹೊಸನಗರ ತಾಲ್ಲೂಕನ್ನು ಹಾದು ಹಿಗ್ಗುವ ಈ ಹೊಳೆ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಡಲಿನಂತೆ ಹರಡಿ ನಿಲ್ಲುತ್ತದೆ. ಮುಂದೆ ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ.

ಜೋಗದ ಬುಡದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರದು. ಅದನ್ನು ನೆಚ್ಚಿದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಇದಕ್ಕಾಗಿ ಸಾಗರ, ಹೊಸನಗರ ಸೀಮೆಯ ಎಷ್ಟೋ ಮನೆ, ಗದ್ದೆ, ತೋಟಗಳು ನೀರಿನಡಿ ಸೇರಿದವು. ‘ಮುಳುಗಡೆ’ ಎಂಬ ಮಾತು ಈ ಭಾಗದಲ್ಲಿ ಬರಿಯ ಪದವಲ್ಲ.

ಹೀಗೆ ಹುಟ್ಟಿದ ಕರೆಂಟು ಬಿಸಿಯಾಗಿ ಕಣ್ಣಿಗೆ ಕಾಣುವುದು ಕಾಯಿಲ್ ಒಲೆಯಲ್ಲಿ. ಮಳೆಗಾಲದಲ್ಲಿ ಸೌದೆ ಹಸಿಯಾದಾಗ ಮಲೆನಾಡಿನ ಮನೆಗಳಿಗೆ ಅದೊಂದು ಆಸರೆ. ಪಿಂಗಾಣಿ ತಟ್ಟೆಯ ಗಾಡಿಯಲ್ಲಿ ಕೂತ ಆ ತಂತಿ ನಿಕ್ರೋಮ್: ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹ. ಅದರ ವಿದ್ಯುತ್ ರೋಧ ತಾಮ್ರಕ್ಕಿಂತ ಸುಮಾರು ಅರವತ್ತು ಪಟ್ಟು ಹೆಚ್ಚು. ಕೆಂಪಗೆ ಕಾದಾಗ ಮೇಲ್ಮೈಯಲ್ಲಿ ಕಟ್ಟುವ ಕ್ರೋಮಿಯಂ ಆಕ್ಸೈಡಿನ ತೆಳು ಪದರವೇ ಅದಕ್ಕೆ ರಕ್ಷೆ.

ಉದ್ದನೆಯ ತಂತಿಯನ್ನು ಚಿಕ್ಕ ಜಾಗದಲ್ಲಿ ಅಡಗಿಸಲು ಸುರುಳಿ ಸುತ್ತುತ್ತಾರೆ. ಸುತ್ತುಗಳ ನಡುವಿನ ಅಂತರ ಒಂದೇ ಸಮ ಇರಬೇಕು. ಒತ್ತೊತ್ತಾದ ಕಡೆ ಬಿಸಿ ಹೊರಹೋಗದೆ ತಂತಿ ಬೇಗ ಸುಟ್ಟುಹೋಗುತ್ತದೆ. ತುಂಡಾದ ಕಾಯಿಲನ್ನು ಎಳೆದು ಗಂಟು ಹಾಕುವವರುಂಟು. 230 ವೋಲ್ಟಿನಲ್ಲಿ 1,000 ವಾಟ್ ಒಲೆಯ ರೋಧ ಸುಮಾರು 53 ಓಮ್. ತಂತಿಯ ಹತ್ತನೆಯ ಒಂದು ಭಾಗ ಹೋದರೆ ರೋಧ ಇಳಿದು, ಕರೆಂಟು ಏರಿ, ಉಳಿದ ತಂತಿಯ ಪ್ರತಿ ಅಂಗುಲಕ್ಕೂ ಶೇಕಡ 23ರಷ್ಟು ಹೆಚ್ಚು ಬಿಸಿ ಬೀಳುತ್ತದೆ. ಗಂಟು ಬಹಳ ದಿನ ಬಾಳದಿರುವುದು ಇದರಿಂದಲೇ. ಹೊಸ ಕಾಯಿಲ್ ಹಾಕುವುದೇ ಲೇಸು. ಅದಕ್ಕೆ ಮೊದಲು ಪ್ಲಗ್ ಕೀಳಬೇಕು.

ಇದೇ ತಂತಿಯ ಪುಟ್ಟ ಸುರುಳಿ ಇ-ಸಿಗರೇಟಿನಲ್ಲೂ ಇದೆ. ನಿಕೋಟಿನ್ ಬೆರೆತ ದ್ರವವನ್ನು ಆವಿ ಮಾಡುವುದು ಅದರ ಕೆಲಸ. ಹೆಚ್ಚು ಆವಿಯ ಆಸೆಗೆ ಕಡಿಮೆ ರೋಧದ ಸುರುಳಿ ಸುತ್ತಿಕೊಳ್ಳುವ ಚಪಲ ಹಲವು ದೇಶಗಳಲ್ಲಿ ಬೆಳೆದಿದೆ. ಲೆಕ್ಕ ಒಲೆಯದೇ: ರೋಧ ಇಳಿದಷ್ಟೂ ಕರೆಂಟು ಏರುತ್ತದೆ, ಬ್ಯಾಟರಿ ಮಿತಿಮೀರಿ ಕಾದು ಸಿಡಿಯಲೂಬಹುದು. ಎಷ್ಟೇ ಚೆನ್ನಾಗಿ ಸುತ್ತಿದರೂ ನಿಕೋಟಿನ್ ಚಟ ಹಿಡಿಸುವುದು ತಪ್ಪುವುದಿಲ್ಲ. ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ಪೆನ್ನಿನಂತೆ, ಪೆನ್‌ಡ್ರೈವಿನಂತೆ ಕಾಣುವ ಈ ಸಾಧನವನ್ನು ತಂದೆ-ತಾಯಿಯರು ಗುರುತಿಸಬಲ್ಲವರಾಗಿರಬೇಕು.

ವಿದ್ಯಾರ್ಥಿಗಳು ಸುರುಳಿಯ ಲೆಕ್ಕವನ್ನು ಬೇರೆ ದಾರಿಯಲ್ಲಿ ಮುಂದುವರಿಸಬಹುದು. 1,000 ವಾಟಿನ ಒಲೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಶಕ್ತಿ ಎಲ್ಲೂ ಸೋರದೆಂದುಕೊಂಡರೂ, ಅಷ್ಟಕ್ಕೆ ಸುಮಾರು 1,450 ಲೀಟರ್ ನೀರು ಜೋಗದ ಎತ್ತರದಿಂದ ಬೀಳಬೇಕು. ಅನ್ನ ಬೆಂದ ಮೇಲೂ ಒಲೆ ಸುಮ್ಮನೆ ಉರಿಯುತ್ತಿದ್ದರೆ ವ್ಯರ್ಥವಾಗುವುದು ಆ ನೀರು. ಅದಕ್ಕಾಗಿ ಊರು ಬಿಟ್ಟವರ ತ್ಯಾಗವೂ ಹೌದು.