ಕೆರೆ ಕಣ್ಣು ಬಿಡುವ ಹೊತ್ತು

ನಮ್ಮ ಕಡೆಯವರು ಹಿಮಾಲಯಕ್ಕೆ ಹೊರಡುವುದು ಮಕ್ಕಳಿಗೆ ರಜೆ ಇರುವಾಗ, ಅಂದರೆ ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ. ಮನಸ್ಸಿನಲ್ಲಿ ಫೋಟೊದಲ್ಲಿ ಕಂಡ ನೀಲಿ ನೀರು. ಮನಾಲಿಯ ಮೇಲಿರುವ ಭೃಗು ಸರೋವರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಏದುಸಿರು ಬಿಡುತ್ತ ಹತ್ತಿದರೆ ಕಾಣುವುದು ಬಿಳಿ ಬಯಲು. "ಕೆರೆ ಎಲ್ಲಿದೆ?" ಎಂದು ಗೈಡನ್ನು ಕೇಳುತ್ತಾರೆ. ನಿಂತಿರುವ ಜಾಗದ ಮುಂದೆಯೇ ಇರುತ್ತದೆ, ಹಿಮದ ಕೆಳಗೆ.

ಇದಕ್ಕೆ ಬೇಸರಪಡಬೇಕಿಲ್ಲ. ತುಂಬಿದ ಕೆರೆಯನ್ನು ಸೆಪ್ಟೆಂಬರಿನಲ್ಲೂ ನೋಡಬಹುದು. ಕೆರೆ ಕಣ್ಣು ಬಿಡುವುದನ್ನು ನೋಡಬೇಕೆಂದರೆ ಮಾತ್ರ ಜೂನ್ ತಿಂಗಳೇ ಆಗಬೇಕು. ಮೊದಲು ಕರಗುವುದು ಅಂಚು. ಬಿಸಿಲಿಗೆ ಕಾದ ಕಪ್ಪು ಬಂಡೆಗಳ ಸುತ್ತ ಗೇಣಗಲದ ನೀರು ತೆರೆದುಕೊಳ್ಳುತ್ತದೆ; ಅದರಾಚೆ ಹಸಿರು ಮಿಶ್ರಿತ ನೀಲಿಯ ಮಂಜುಗಡ್ಡೆ, ಅದರ ಮೇಲೆ ಗಾಳಿ ತಂದು ಹಾಕಿದ ದೂಳಿನ ಗೆರೆಗಳು. ಬಗ್ಗಿ ಕಿವಿಗೊಟ್ಟರೆ ಒಳಗೆಲ್ಲೋ ನೀರು ಹರಿಯುವ ಸದ್ದು. ಭೃಗು ಋಷಿ ತಪಸ್ಸು ಮಾಡಿದ ಜಾಗವಾದ್ದರಿಂದ ಈ ಕೆರೆ ಪೂರ್ತಿ ಹೆಪ್ಪುಗಟ್ಟುವುದೇ ಇಲ್ಲ ಎಂದು ಊರವರು ನಂಬುತ್ತಾರೆ. ನೀರಿನ ಗುಣವೂ ವಿಚಿತ್ರವೇ. 4 ಡಿಗ್ರಿಯಲ್ಲಿ ಅದು ಎಲ್ಲಕ್ಕಿಂತ ಭಾರ. ಇನ್ನೂ ತಣ್ಣಗಾದದ್ದು ಮೇಲೆ ಉಳಿದು ಗಡ್ಡೆ ಕಟ್ಟುತ್ತದೆ. ಆದ್ದರಿಂದಲೇ ಆಳವಿರುವ ಕೆರೆಗಳಲ್ಲಿ ಎಂಥ ಚಳಿಗಾಲದಲ್ಲೂ ತಳದ ನೀರು ನೀರಾಗಿಯೇ ಇರುತ್ತದೆ.

ಜೂನಿನ ಇನ್ನೊಂದು ಭಾಗ್ಯವೆಂದರೆ ದಾರಿಯಲ್ಲಿ ಸಿಗುವ ಗದ್ದಿ ಕುರಿಗಾಹಿಗಳು. ಹಿಮ ಹಿಂದೆ ಸರಿದಂತೆ ಹುಲ್ಲು ಮೇಲೇರುತ್ತದೆ, ಹುಲ್ಲಿನ ಹಿಂದೆ ಕುರಿ, ಕುರಿಯ ಹಿಂದೆ ಇವರು. ಬೆಳಗಾವಿ ಕಡೆಯ ಸಂಚಾರಿ ಕುರುಬರನ್ನು ಕಂಡವರಿಗೆ ಆ ಹೆಗಲ ಕಂಬಳಿ, ಆ ನಡಿಗೆ ಹೊಸದೆನಿಸದು. ಅವರ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಇರುತ್ತದೆ. ಚಿರತೆ ಮೊದಲು ಬಾಯಿ ಹಾಕುವುದೇ ಕುತ್ತಿಗೆಗೆ.

ಹಿಮದ ಮೇಲೆ ನಡೆಯುವುದಕ್ಕೂ ಹೊತ್ತು ಗೊತ್ತು ಎಂಬುದಿದೆ. ಬೆಳಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ಮೊಣಕಾಲುದ್ದ ಕುಸಿಯುತ್ತದೆ. ತೊರೆಯ ಮೇಲಿನ ಹಿಮವಂತೂ ಕೆಳಗಿನಿಂದ ಟೊಳ್ಳಾಗುತ್ತ ಬಂದಿರುತ್ತದೆ. ನಸುಕಿಗೇ ಎಬ್ಬಿಸುವ ಗೈಡನ್ನು ಬೈಯಬಾರದು. ಮೋಡ ಕವಿಯಿತು, ತಿರುಗೋಣ ಎಂದರೆ ಎದುರು ಮಾತಾಡಲೂಬಾರದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ನಮ್ಮವರೇ, ಕರ್ನಾಟಕದವರು. ಬೆಂಗಳೂರಿನಲ್ಲಿ ಆ ದಿನಗಳ ಪತ್ರಿಕೆ ಓದುವುದೇ ಕಷ್ಟವಾಗಿತ್ತು. ಬೇಸಿಗೆ ಎಂಬ ಹೆಸರನ್ನು ಆ ಎತ್ತರದಲ್ಲಿ ನಂಬುವಂತಿಲ್ಲ.

ಆತುರವೂ ಅಷ್ಟೇ ಕೆಟ್ಟದ್ದು. ಮನಾಲಿ ಇರುವುದು ಸುಮಾರು 2,000 ಮೀಟರಿನಲ್ಲಿ. ಸರೋವರ ಅದರ ಎರಡು ಪಟ್ಟಿಗಿಂತ ಮೇಲೆ. ಅಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಸುಮಾರು 60 ಪಾಲು ಮಾತ್ರ. ತಲೆನೋವು, ವಾಕರಿಕೆ ಶುರುವಾದರೆ ಮೇಲೆ ಹೋಗಕೂಡದು. ಜಾಸ್ತಿಯಾದರೆ ಕೆಳಗಿಳಿಯುವುದೇ ಮದ್ದು. ಹೊರಡುವ ಮುಂಚೆ ಎರಡು ದಿನ ಮನಾಲಿಯಲ್ಲೇ ಇದ್ದುಬಿಡಿ. ಪಕ್ಕದ ವಸಿಷ್ಠ ಗ್ರಾಮದ ದೇವಸ್ಥಾನದಲ್ಲಿ ಬಿಸಿನೀರಿನ ಬುಗ್ಗೆಯ ಕೊಳ ಇದೆ, ಸ್ನಾನಕ್ಕೆ ಬೆಳಗ್ಗೆ ಬೇಗ ಹೋದರೆ ನೂಕುನುಗ್ಗಲು ಇರುವುದಿಲ್ಲ.