ಓಡಿಹೋಗುವವರ ಲೆಕ್ಕಾಚಾರ

‘ಓಡಿಹೋದರು’ ಎಂಬ ಮಾತನ್ನು ಒಂದು ಕಾಲಕ್ಕೆ ದನಿ ತಗ್ಗಿಸಿ ಆಡುತ್ತಿದ್ದರು. ಕೇಳುವವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಓಡುವವರಿಗೆ ಬೇಕಾಗಿದ್ದುದು ಒಂದಿಷ್ಟು ಕತ್ತಲೆ, ಬೆಳಗಿನ ಜಾವದ ಒಂದು ಬಸ್ಸು, ಬಾಯಿ ಬಿಡದ ಒಬ್ಬ ಗೆಳೆಯ. ಈಗ ಬಂದಿರುವ ಹೊಸ ಓಟಕ್ಕೆ ಅಷ್ಟು ಸಾಲದು. ಪಾಸ್‌ಪೋರ್ಟು, ವೀಸಾ, ಎರಡು ವಿಮಾನದ ಟಿಕೆಟ್ಟು, ಅವಿವಾಹಿತರೆಂಬುದಕ್ಕೆ ಪ್ರಮಾಣಪತ್ರ, ಸಮುದ್ರತೀರದಲ್ಲಿ ಚಿತ್ರ ತೆಗೆಯುವವನ ಮುಂಗಡ ಹಣ, ಇಷ್ಟನ್ನೂ ತಿಂಗಳುಗಟ್ಟಲೆ ಕುಳಿತು ಹೊಂದಿಸಬೇಕು. ಇಷ್ಟು ಸಾವಧಾನವಾಗಿ ಓಡುವವರನ್ನು ಹಿಂದಿನವರು ಕಂಡಿರಲಾರರು.

ಗಂಡು ತುಮಕೂರಿನವನು, ಹೆಣ್ಣು ಗುಬ್ಬಿಯವಳು, ಹೆಣ್ಣಿನ ಸೋದರಮಾವ ಕುಣಿಗಲಿನವನು ಎಂದಿರಲಿ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಇವರು ಪರದೇಶಕ್ಕೆ ಓಡುವ ಯೋಚನೆ ಮಾಡುವುದು ಹಿರಿಯರ ‘ಬೇಡ’ಕ್ಕೆ ಹೆದರಿ ಅಲ್ಲ; ಅವರ ‘ಆಗಲಿ’ಗೆ ಹೆದರಿ! ಹಿರಿಯರು ಒಮ್ಮೆ ‘ಆಗಲಿ’ ಎಂದರೆಂದರೆ ಬಿ.ಎಚ್. ರಸ್ತೆಯಲ್ಲಿ ಕಲ್ಯಾಣಮಂಟಪ ಗೊತ್ತಾಗುತ್ತದೆ. ಸಾವಿರ ಲಗ್ನಪತ್ರಿಕೆ ಅಚ್ಚಾಗುತ್ತವೆ. ಕುಣಿಗಲಿನ ಮಾವನಿಗೆ ಅಂಚೆಯಲ್ಲಿ ಕಳಿಸಿದರು, ಖುದ್ದಾಗಿ ಬಂದು ಕರೆಯಲಿಲ್ಲ ಎಂಬ ಮುನಿಸು ಹುಟ್ಟುತ್ತದೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಇಂದಿನ ಮದುವೆಮನೆಗಳ ಅದ್ದೂರಿ ಆ ರಂಗಸಜ್ಜಿಕೆಯನ್ನೂ ನಾಚಿಸುವಂಥದು. ಇದರ ನಡುವೆ ತಾವಿಬ್ಬರೂ ಎಲ್ಲಿ ಎಂಬುದೇ ಮದುಮಕ್ಕಳ ಪ್ರಶ್ನೆ. ಅದು ಅನ್ಯಾಯದ ಪ್ರಶ್ನೆಯೇನೂ ಅಲ್ಲ.

ಯೋಜನೆ ಹಾಕಿ ಓಡುವುದು ನಮ್ಮವರಿಗೆ ಹೊಸದೂ ಅಲ್ಲ. ಭಾಗವತದ ರುಕ್ಮಿಣಿ ಇಂಥ ದಿನ, ಊರ ಹೊರಗಿನ ದೇವಿಯ ಗುಡಿಯ ಬಳಿಗೆ ಬಾ ಎಂದು ಕೃಷ್ಣನಿಗೆ ಓಲೆ ಕಳಿಸಿದಳು. ಸ್ಥಳ, ಸಮಯ, ವಾಹನ ಯಾವುದೂ ತಪ್ಪಲಿಲ್ಲ. ಶಕುಂತಲೆಯದು ಬೇರೆ ಬಗೆ. ಅವಳದು ಸದ್ದುಗದ್ದಲವಿಲ್ಲದ ಗಾಂಧರ್ವ ವಿವಾಹ, ತಪೋವನವೇ ಮಂಟಪ. ಆದರೆ ಕಾಳಿದಾಸನ ದುಷ್ಯಂತನಿಗೆ ಮರೆವು ಕವಿದಾಗ, ತುಂಬಿದ ಸಭೆಯಲ್ಲಿ ‘ಈ ಮದುವೆಯನ್ನು ನಾನು ಕಂಡೆ’ ಎನ್ನಲು ಒಬ್ಬರೂ ಇರಲಿಲ್ಲ. ಇದ್ದ ಒಂದೇ ದಾಖಲೆ ಉಂಗುರ. ಅದು ನೀರಿನ ಪಾಲಾಗಿತ್ತು.

ಪಶ್ಚಿಮದವರೂ ಈ ಪಾಠವನ್ನು ಕಲಿತವರೇ. 1754ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ವಿವಾಹ ಕಾಯಿದೆ ಜಾರಿಗೆ ಬಂದು, 21 ವರ್ಷ ತುಂಬದವರಿಗೆ ತಂದೆತಾಯಿಯರ ಒಪ್ಪಿಗೆ ಅಗತ್ಯವಾಯಿತು. ಪ್ರೇಮಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡತೊಡಗಿದರು. ಅಲ್ಲಿ ಕಮ್ಮಾರನೇ ಪುರೋಹಿತ, ಅಡಿಗಲ್ಲೇ ಹಸೆಮಣೆ. ಆದರೂ ಆ ಕಮ್ಮಾರಸಾಲೆಯಲ್ಲಿ ಸಾಕ್ಷಿಗಳು ನಿಲ್ಲಬೇಕಾಗಿತ್ತು. ಇಂದು ಅದೇ ಹಳ್ಳಿಯಲ್ಲಿ ಮದುವೆಯಾಗಲು 29 ದಿನ ಮೊದಲೇ ಅರ್ಜಿ ತಲಪಬೇಕು. ಡೆನ್ಮಾರ್ಕಿನಲ್ಲಿ ಇಬ್ಬರು ಸಾಕ್ಷಿಗಳು ಬೇಕು. ಕರೆತಂದಿಲ್ಲವಾದರೆ ಪುರಭವನದವರೇ ಒದಗಿಸುತ್ತಾರೆ. ಅವಸರದ ಮದುವೆಗಳಿಗೆ ಹೆಸರಾದ ಅಮೆರಿಕದ ಲಾಸ್ ವೇಗಸ್ ಕೂಡ ಒಬ್ಬ ಸಾಕ್ಷಿಯನ್ನಾದರೂ ಕೇಳುತ್ತದೆ.

ನಮ್ಮ ದೇಶದ ವಿದೇಶಿ ವಿವಾಹ ಕಾಯಿದೆ ಬಂದದ್ದು 1969ರಲ್ಲಿ. ಅದರಂತೆ ಪರದೇಶದ ಭಾರತೀಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವುದಾದರೆ ಇಬ್ಬರಲ್ಲಿ ಒಬ್ಬರು 30 ದಿನ ಮೊದಲಿನಿಂದ ಅಲ್ಲಿ ವಾಸವಾಗಿರಬೇಕು, ಮೂವರು ಸಾಕ್ಷಿಗಳಿರಬೇಕು. ಎಲ್ಲಕ್ಕಿಂತ ಸ್ವಾರಸ್ಯವೆಂದರೆ, ಆ ನೋಟೀಸು ಭಾರತದಲ್ಲಿಯೂ ಪ್ರಕಟವಾಗಬೇಕು. ಏಳು ಸಮುದ್ರ ದಾಟಿ ಓಡಿದವರ ಸುದ್ದಿಯನ್ನು ಸರಕಾರವೇ ಊರಿಗೆ ಹಿಂದಕ್ಕೆ ಕಳಿಸುತ್ತದೆ!

ಕಾನೂನಿನ ಪುಸ್ತಕದಲ್ಲಿ ಕಾಣದ ಇನ್ನೊಂದು ಪುಸ್ತಕವಿದೆ. ಅದು ಮುಯ್ಯಿ ಪುಸ್ತಕ. ಹೆಣ್ಣಿನ ತಂದೆ ಮೂವತ್ತು ವರ್ಷ ಊರೂರು ಅಲೆದು ಕಂಡವರ ಮದುವೆಗಳಲ್ಲಿ ಮುಯ್ಯಿ ಬರೆಸಿದ್ದಾನೆ. ಅದು ಬರಿಯ ಹಣದ ಲೆಕ್ಕವಲ್ಲ. ‘ನಿಮ್ಮ ಮನೆಗೆ ನಾನು ಬಂದಿದ್ದೆ, ನನ್ನ ಮನೆಗೆ ನೀವು ಬರಬೇಕು’ ಎಂಬ ಕರಾರು. ಮಗಳು ಸದ್ದಿಲ್ಲದೆ ವಿಮಾನ ಹತ್ತಿದರೆ ಉಳಿಯುವ ಖರ್ಚು ಎಷ್ಟೇ ಇರಲಿ, ಆ ಕರಾರು ತೀರದೆ ಉಳಿಯುತ್ತದೆ. ಧಾರೆಯೆರೆಯಲೆಂದು ಕಾದಿದ್ದ ತಾಯಿಗೆ ಚಿತ್ರಗಳು ಬರುತ್ತವೆ. ಆಕೆ ನೆರೆಮನೆಯವರಿಗೆ ಅವನ್ನು ತೋರಿಸಿ ನಗುತ್ತಾಳೆ. ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಹಾಗೆಂದು ಓಡುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜಾತಿ ಮೀರಿ ಒಲಿದ ತಪ್ಪಿಗೆ ಪ್ರಾಣಭಯದಿಂದ ಊರು ಬಿಡುವವರು ಇಂದಿಗೂ ಇದ್ದಾರೆ. 1954ರ ವಿಶೇಷ ವಿವಾಹ ಕಾಯಿದೆಯ 30 ದಿನಗಳ ನೋಟೀಸೇ ಅವರಿಗೆ ದೊಡ್ಡ ಆತಂಕ. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆತನದ ಅಥವಾ ಜಾತಿಯ ಸಮ್ಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿತು. ಅಂಥವರ ಓಟಕ್ಕೆ ಹೆಸರಿಡುವವರು ಮೊದಲು ತಮ್ಮ ಮನೆಯ ಬಾಗಿಲನ್ನು ತೆರೆಯಬೇಕು. ಬಾಗಿಲು ತೆರೆದಿದ್ದೂ ಹಿತ್ತಲಿನಿಂದ ಜಾರುವವರಿಗೆ ಮಾತ್ರ ಒಂದು ಮಾತು ಹೇಳಬಹುದು.

ಗದ್ದಲವೇ ಬೇಡವೆಂದರೆ ಕನ್ನಡನಾಡಿನಲ್ಲಿ ದಾರಿಗಳಿಗೆ ಬರವಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನೆರವೇರಿಸಿದರು. ಅಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆದರೆ ಬೇಕಾದವರು ಇದ್ದರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಸನ್ನಿಧಿಯಿದೆ, ಗುಬ್ಬಿಯಲ್ಲಿ ಚನ್ನಬಸವೇಶ್ವರನಿದ್ದಾನೆ. ನೋಂದಣಿ ಕಚೇರಿ ಇನ್ನೂ ಹತ್ತಿರ. ಸಮುದ್ರವನ್ನು ಆಮೇಲೂ ನೋಡಬಹುದು.

ಸಾವಿರ ಜನರಿಂದ ತಪ್ಪಿಸಿಕೊಳ್ಳಿ, ತಪ್ಪೇನೂ ಇಲ್ಲ. ಆ ಮೂವರು ಸಾಕ್ಷಿಗಳನ್ನು ಮಾತ್ರ ನೋಡಿ ಆರಿಸಿಕೊಳ್ಳಿ. ಹೋಟೆಲಿನ ಮಾಣಿಯ ಸಹಿಯೂ ಕಾನೂನಿಗೆ ಸಾಕು. ಆದರೆ ಹತ್ತು ವರ್ಷದ ಮೇಲೆ ಸಂಸಾರದಲ್ಲಿ ದುಷ್ಯಂತನ ಮರೆವು ಸುಳಿದಾಗ, ಗುಬ್ಬಿಯ ಬಸ್ಸು ಹಿಡಿದು ಬಂದು, ಜಗಲಿಯಲ್ಲಿ ಕುಳಿತು, ‘ಆ ದಿನ ನೀನು ಏನು ಮಾತು ಕೊಟ್ಟೆಯೋ ನಾನು ಕೇಳಿದ್ದೇನಪ್ಪ’ ಎನ್ನಲು ಆ ಮಾಣಿ ಬರಲಾರನು.