ಅವಿಭಾಜ್ಯದ ಬೆನ್ನು ಹತ್ತಿದ ಬಿ.ಟೆಕ್. ಪ್ರಾಜೆಕ್ಟು

ಒಂದೇ ಒಂದು ಸಂಖ್ಯೆ ಎದುರಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

2001, ಐಐಟಿ ಕಾನ್ಪುರದ ಕಂಪ್ಯೂಟರ್ ಸೈನ್ಸ್ ವಿಭಾಗ. ಬಿ.ಟೆಕ್. ಕೊನೆಯ ವರ್ಷದ ರಜತ್ ಭಟ್ಟಾಚಾರ್ಜಿ ಮತ್ತು ಪ್ರಶಾಂತ್ ಪಾಂಡೆ ಒಂದು ಊಹೆಯ ಹಿಂದೆ ಬಿದ್ದಿದ್ದಾರೆ. ಅದು ನಿಜವಾದರೆ, ಎಂಥ ದೈತ್ಯ ಸಂಖ್ಯೆ ಕೊಟ್ಟರೂ ಅದು ಅವಿಭಾಜ್ಯವೋ ಅಲ್ಲವೋ ಎಂದು ಕಂಪ್ಯೂಟರು ಬೇಗನೆ, ಖಚಿತವಾಗಿ ಹೇಳಬಲ್ಲದು. ಅದನ್ನು ಕೊಲ್ಲಲು ಒಂದು ಅಪವಾದ ಸಾಕು. ಆ ಅಪವಾದವನ್ನು ಅವರೇ ಬೇಟೆಯಾಡಲು ಹೊರಟರು. ಲಕ್ಷ ದಾಟಿತು. ಕೋಟಿ ದಾಟಿತು. ನೂರು ಕೋಟಿ ದಾಟಿತು. ಸಾವಿರ ಕೋಟಿಯವರೆಗೆ ಜಾಲಾಡಿದರೂ ಶತ್ರು ಸಿಗಲಿಲ್ಲ. ಊಹೆ ಉಳಿಯಿತು, ಆದರೆ ಅದು ನಿಜವೆಂಬ ಸಾಧನೆ ಕೈಗೆ ಬರಲಿಲ್ಲ. ಸಾವಿರ ಕೋಟಿಯ ಆಚೆಗೂ ಸಂಖ್ಯೆಗಳಿವೆ, ಅವಕ್ಕೆ ಕೊನೆಯಿಲ್ಲ. ಅಷ್ಟರಲ್ಲಿ ಏಪ್ರಿಲ್ ಬಂತು. ಗೆದ್ದಿದ್ದೆಷ್ಟು, ಉಳಿದಿದ್ದೆಷ್ಟು ಎಂದು ಬರೆದು ರಿಪೋರ್ಟ್ ಒಪ್ಪಿಸಿ ಇಬ್ಬರೂ ಹೊರಟರು.

ಅವರು ಕೈಹಾಕಿದ್ದು ಸಣ್ಣ ಪ್ರಶ್ನೆಗಲ್ಲ. 300 ಅಂಕಿಗಳ ಒಂದು ಸಂಖ್ಯೆಯನ್ನು ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ, ವಿಶ್ವ ಹುಟ್ಟಿದ ದಿನವೇ ಶುರುಮಾಡಿದ್ದರೂ ಇಂದಿಗೆ ಮುಗಿಯುತ್ತಿರಲಿಲ್ಲ. ಫರ್ಮಾನ ಪ್ರಮೇಯದಿಂದ ಬೇಗ ಪರೀಕ್ಷಿಸಬಹುದು, ಆದರೆ 3, 11, 17ರ ಗುಣಲಬ್ಧವಾದ 561ರಂಥ ವೇಷಧಾರಿಗಳು ಆ ಕಾವಲನ್ನು ಸಲೀಸಾಗಿ ದಾಟಿಬಿಡುತ್ತವೆ. 1970ರ ದಶಕದಲ್ಲಿ ಗ್ಯಾರಿ ಮಿಲ್ಲರ್ ಒಂದು ವೇಗದ ದಾರಿ ಕಂಡರು, ಅದು ಇಂದಿಗೂ ಸಾಧಿತವಾಗದ ರೀಮಾನ್ ಊಹೆಯ ವಿಸ್ತೃತ ರೂಪದ ಮೇಲೆ ನಿಂತಿತ್ತು. ಮೈಕೇಲ್ ರಾಬಿನ್ ಅದನ್ನೇ ಅದೃಷ್ಟದ ಆಟವಾಗಿಸಿದರು: ಉತ್ತರ ಬಹುತೇಕ ಸರಿ, ನೂರಕ್ಕೆ ನೂರಲ್ಲ. ವೇಗ, ಖಚಿತತೆ, ಯಾವ ಊಹೆಯ ಆಸರೆಯೂ ಇಲ್ಲದ ಸಾಧನೆ, ಈ ಮೂರನ್ನೂ ಒಟ್ಟಿಗೆ ತಂದವರು ಯಾರೂ ಇರಲಿಲ್ಲ.

ಕಾನ್ಪುರದ ದಾರಿ ಬೇರೆ. ಪ್ಯಾಸ್ಕಲನ ತ್ರಿಕೋನದಲ್ಲಿ 5ರ ಸಾಲು ನೋಡಿ: 1, 5, 10, 10, 5, 1. ಎರಡೂ ತುದಿಯ ಒಂದುಗಳನ್ನು ಬಿಟ್ಟರೆ ಉಳಿದವೆಲ್ಲ 5ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. 4ರ ಸಾಲು: 1, 4, 6, 4, 1. ಇಲ್ಲಿ 6 ಸಿಕ್ಕಿಬಿತ್ತು. ಅವಿಭಾಜ್ಯವಾದರೆ ಸಾಲು ಪೂರ್ತಿ ಶುದ್ಧ, ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಬಿರುಕು ಇದ್ದೇ ಇರುತ್ತದೆ. ಯಾವ ವೇಷಧಾರಿಯೂ ಇದನ್ನು ವಂಚಿಸಲಾರ! ಆದರೆ 300 ಅಂಕಿಗಳ ಸಂಖ್ಯೆಗೆ ಆ ಸಾಲನ್ನು ಬರೆಯಲು ಜಗತ್ತಿನ ಕಾಗದವೆಲ್ಲ ಸಾಲದು. 1999ರಲ್ಲಿ ಅಲ್ಲಿನ ಪ್ರಾಧ್ಯಾಪಕರಾದ ಮಣೀಂದ್ರ ಅಗ್ರವಾಲ್ ಮತ್ತು ಸೋಮನಾಥ್ ಬಿಸ್ವಾಸ್ ಒಂದು ಉಪಾಯ ಹೂಡಿದರು: ಇಡೀ ಸಾಲಿನ ಬದಲು, ಅದನ್ನು ಬಹುಪದೋಕ್ತಿಯಾಗಿ ಬರೆದು, ಪುಟ್ಟ ಬಹುಪದೋಕ್ತಿಯೊಂದರಿಂದ ಭಾಗಿಸಿ ಉಳಿಯುವ ಶೇಷವನ್ನಷ್ಟೇ ನೋಡುವುದು. ಆ ಬಹುಪದೋಕ್ತಿಯನ್ನು ಅವರು ಅದೃಷ್ಟಕ್ಕೆ ಬಿಟ್ಟು ಆರಿಸಬೇಕಿತ್ತು. ಅದೃಷ್ಟವನ್ನು ಹೊರಗಟ್ಟುವ ಕೆಲಸವನ್ನು ಅಗ್ರವಾಲ್ ತಮ್ಮ ಬಿ.ಟೆಕ್. ಹುಡುಗರ ಕೈಗಿಟ್ಟರು. ಮೇಷ್ಟ್ರಿಗೇ ಉತ್ತರ ತಿಳಿಯದ ಪ್ರಶ್ನೆಯನ್ನು ಪದವಿ ವಿದ್ಯಾರ್ಥಿಗಳಿಗೆ ಕೊಡಲು ಎಂಥ ನಂಬಿಕೆ ಬೇಕು! ನನಗೆ ಈ ಕಥೆಯಲ್ಲಿ ಅತಿ ದೊಡ್ಡ ಸಾಹಸ ಅದೇ.

ಮೊದಲ ಜೋಡಿ ನಿಂತಲ್ಲಿಂದ ಮರುವರ್ಷದ ಜೋಡಿ ಓಡತೊಡಗಿತು: ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಹಳೆಯ ರಿಪೋರ್ಟಿನ ಊಹೆಯನ್ನು ಮತ್ತೆ ಮತ್ತೆ ತಿರುವಿದರು, ಬೇರೆ ಬೇರೆ ಪರೀಕ್ಷೆಗಳ ಜೊತೆ ತಾಳೆ ನೋಡಿದರು. 2002ರ ಏಪ್ರಿಲ್ ಎದೆಯ ಮೇಲೆ ಬಂದು ಕೂತಿತು. ಪ್ರಾಜೆಕ್ಟ್ ಒಪ್ಪಿಸಿದರು, ಪದವಿಯೂ ಕೈಗೆ ಬಂತು. ಪ್ರಶ್ನೆ ಮಾತ್ರ ಹಾಗೇ ಇತ್ತು.

ಅಲ್ಲಿಗೆ ಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಇಬ್ಬರೂ ಬಿಡಲಿಲ್ಲ. ಊರಿಗೂ ಹೋಗದೆ, ಅಲ್ಲೇ ಅಗ್ರವಾಲ್ ಅವರ ಬಳಿ ಪಿಎಚ್.ಡಿ. ಶುರುಮಾಡಿದರು. ಕಾನ್ಪುರದ ಬೇಸಿಗೆ, ನಲವತ್ತು ಡಿಗ್ರಿ ದಾಟುವ ಬಿಸಿಲು, ಬೋರ್ಡಿನ ಮೇಲೆ ಪ್ಯಾಸ್ಕಲನ ಸಾಲಿನ ಆ ಪರೀಕ್ಷೆಯನ್ನೇ ಹೇಳುವ ಸಮೀಕರಣ. ಅಲ್ಲಿಯವರೆಗೆ ಒಂದೇ ಸಮೀಕರಣವನ್ನು ಹಿಡಿದು, ಭಾಗಿಸುವ ಬಹುಪದೋಕ್ತಿಯನ್ನು ಬದಲಿಸುತ್ತ ನೋಡುತ್ತಿದ್ದರು. ಈಗ ಅದನ್ನು ತಿರುಗಿಸಿದರು. ಬಹುಪದೋಕ್ತಿಯನ್ನು ಒಂದೆಡೆ ಗಟ್ಟಿಯಾಗಿ ನಿಲ್ಲಿಸಿ, ಸಮೀಕರಣದ ಒಳಗಿನ ಅಂಕಿಯನ್ನು 1, 2, 3 ಎಂದು ಬದಲಿಸುತ್ತ ಹೋದರು. ಬಾಗಿಲು ಅಲ್ಲಿತ್ತು! ಇಷ್ಟೂ ಸಮೀಕರಣಗಳನ್ನು ಒಂದು ಸಂಯುಕ್ತ ಸಂಖ್ಯೆ ಮೋಸದಿಂದ ದಾಟಿತು ಎಂದುಕೊಳ್ಳಿ. ದಾಟಿದ ಬಹುಪದೋಕ್ತಿಗಳನ್ನು ಒಂದಕ್ಕೊಂದು ಗುಣಿಸಿದಾಗ ಒಂದು ಗುಂಪು ಬೆಳೆಯುತ್ತದೆ. ಒಂದು ಕಡೆಯಿಂದ ಎಣಿಸಿದರೆ ಅದು ಭಾರಿ ದೊಡ್ಡದಿರಲೇಬೇಕು. ಇನ್ನೊಂದು ಕಡೆಯಿಂದ ಎಣಿಸಿದರೆ ಅಷ್ಟು ದೊಡ್ಡದಿರಲು ಸಾಧ್ಯವೇ ಇಲ್ಲ. ವೇಷಧಾರಿಗೆ ತಪ್ಪಿಸಿಕೊಳ್ಳಲು ಜಾಗ ಉಳಿಯಲಿಲ್ಲ.

ಕೊನೆಗೊಂದು ಕಂದಕ ಉಳಿದಿತ್ತು. ಈ ಉಪಾಯಕ್ಕೆ ಒಪ್ಪುವ, ಸಾಕಷ್ಟು ಚಿಕ್ಕದಾದ ಬಹುಪದೋಕ್ತಿ ಪ್ರತಿ ಸಲವೂ ಸಿಗುತ್ತದೆಯೇ? ಅದನ್ನು ದಾಟಿಸಿದ್ದು 1985ರಲ್ಲಿ ಫ್ರಾನ್ಸಿನ ಎಟಿಯೆನ್ ಫೂವ್ರಿ ಬೇರೆಯದೇ ಕೆಲಸಕ್ಕಾಗಿ ಸಾಧಿಸಿಟ್ಟಿದ್ದ ಒಂದು ಫಲಿತಾಂಶ.

2002ರ ಆಗಸ್ಟ್ 4, ಭಾನುವಾರ. ಒಂಬತ್ತು ಪುಟಗಳ ಲೇಖನ ಆಯ್ದ ತಜ್ಞರಿಗೆ ಇ-ಮೇಲ್‌ನಲ್ಲಿ ಹೊರಟಿತು. ಒಂದು ಸಾಲು ತಪ್ಪಿದ್ದರೂ ಜಗತ್ತಿನೆದುರು ಕುಸಿಯುವ ಪಣ ಅದು. ಸೋಮವಾರ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಲ್ ಪೊಮೆರಾನ್ಸ್ ಅದನ್ನು ತೆರೆದರು. ಅವರು ಈ ಕ್ಷೇತ್ರದಲ್ಲೇ ಕೂದಲು ನರೆಸಿಕೊಂಡವರು. ಓದಿದರು, ಸರಿಯೆನಿಸಿತು, ಅಂದೇ ಮಧ್ಯಾಹ್ನ ಸಹೋದ್ಯೋಗಿಗಳನ್ನು ಕೂಡಿಸಿ ವಿವರಿಸಿದರು. ಅದೇ ವಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿ ಬಂತು. 2004ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆ ಲೇಖನವನ್ನು ಪ್ರಕಟಿಸಿತು. 2006ರಲ್ಲಿ ಗೋಡೆಲ್ ಪ್ರಶಸ್ತಿ, ಅದೇ ವರ್ಷ ಫುಲ್ಕರ್‌ಸನ್ ಪ್ರಶಸ್ತಿ. ಬ್ಯಾಂಕಿನ ಗುಪ್ತಲಿಪಿಗೆ ಅವಿಭಾಜ್ಯ ಹುಡುಕುವ ಯಂತ್ರಗಳು ಇಂದಿಗೂ ಹೆಚ್ಚು ವೇಗದ ಮಿಲ್ಲರ್-ರಾಬಿನ್ ಪರೀಕ್ಷೆಯನ್ನೇ ನೆಚ್ಚಿಕೊಂಡಿವೆ ನಿಜ. ಇದರಿಂದ ಕಾನ್ಪುರದ ಗೆಲುವು ಕೂದಲೆಳೆಯಷ್ಟೂ ಕುಗ್ಗುವುದಿಲ್ಲ.

ಆ ಮೊದಲ ಜೋಡಿಯ ಊಹೆ ಏನಾಯಿತು? ಹೆಂಡ್ರಿಕ್ ಲೆನ್‌ಸ್ಟ್ರಾ ಮತ್ತು ಪೊಮೆರಾನ್ಸ್ ಆಮೇಲೆ ಕೊಟ್ಟ ತರ್ಕದ ಪ್ರಕಾರ ಅದು ಬಹುಶಃ ಸುಳ್ಳು. ಆದರೂ ಅದರ ಬೆನ್ನು ಹತ್ತಿ ಹೋಗಿದ್ದರಿಂದಲೇ ನಿಜದ ದಾರಿ ಕಂಡಿತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು, 2021ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಅದೇ ಬೆಂಗಳೂರಿನಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳೂ ಇವೆ.

ಫೈನಲ್ ಇಯರ್‌ನಲ್ಲಿರುವ ಗೆಳೆಯರೇ, ಆ ಅಂಗಡಿಯ ಮೆಟ್ಟಿಲು ಹತ್ತಬೇಡಿ. ನಿಮ್ಮ ವಿಭಾಗದ ಲೈಬ್ರರಿಯಲ್ಲಿ ಹೋದ ವರ್ಷದ ರಿಪೋರ್ಟ್ ತೆಗೆದು, ಅವರು ಎಲ್ಲಿ ನಿಂತರು ಎಂದು ಕೊನೆಯ ಅಧ್ಯಾಯದಲ್ಲಿ ನೋಡಿ. ಆಮೇಲೆ ಗೈಡ್ ಬಳಿ ಹೋಗಿ, ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೊಡಿ ಸರ್ ಎಂದು ಕೇಳಿ.